ಗಾಜ್ಜಾದ ಸಣ್ಣ ಸದ್ದು

ಫೆಬ್ರವರಿ 25, ಶನಿವಾರ

ವೈನೆರ್‌ನ ಬಾರಿನಲ್ಲಿ ಇವತ್ತು ನನ್ನ ಮಾನ ಹರಾಜಿಗೆ ಬಿತ್ತು. ತಪ್ಪು ನನ್ನದೇ ಎಂದು ಹೆಂಡತಿ ಡೆಲ್ಮಾ ಹೇಳುತ್ತಾಳೆ. ಹೊಸ ಕಾರು ಕೊಂಡವನು ಊರಿನವರಿಗೆ ಕುಡಿಸಿ ಕಾರನ್ನು ‘ನೆನೆಸಬೇಕು’, ಅದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ಕಾರು ಮನೆಗೆ ಬಂದ ಮೇಲೆ ಮಾಡುತ್ತಾರೆ. ನಾನೋ, ಫೆಬ್ರವರಿಯಲ್ಲಿ ಖಂಡಿತ ಕೊಡುತ್ತೇವೆ ಎಂದು ಕಾರ್ಖಾನೆಯವರು ಹೇಳಿದ ಒಂದೇ ಮಾತಿಗೆ ಕ್ರಿಸ್‌ಮಸ್ ದಿನವೇ ಇಡೀ ಬಾರಿಗೆ ಲ್ಯಾಂಬ್ರುಸ್ಕೊ ವೈನ್ ಹೊಯ್ಯಿಸಿ, ಕುರ್ಚಿ ಹತ್ತಿ ಭಾಷಣವನ್ನೂ ಬಿಗಿದಿದ್ದೆ.

ಬೆಳಿಗ್ಗೆ ಬೆರ್ಗೊಂಜೋನಿ ಕಾರ್ಖಾನೆಯಿಂದ ಸಂದೇಶ ಬಂತು. ನನ್ನ ಕಾರು, ಗಾಜ್ಜಾ, ತಯಾರಾಗಿದೆಯಂತೆ. ಬಣ್ಣವಾಗಿದೆ, ಸೀಟಿನ ಚರ್ಮವೂ ಹೊಲಿದಾಗಿದೆ. ಆದರೆ ಕೊಡುವುದಿಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ಒಂದು ಸಣ್ಣ ಸದ್ದು ಗಮನಕ್ಕೆ ಬಂದಿದ್ದರಿಂದ ಮೊದಲ ಸರದಿಯ ಎಲ್ಲ ಕಾರುಗಳನ್ನೂ ತಡೆಹಿಡಿದಿದ್ದಾರೆ. ಸದ್ದಂತೆ! ಸದ್ದಿಗಾಗಿಯೇ ಅಲ್ಲವೇ ನಾನು ಅಪ್ಪನ ದ್ರಾಕ್ಷಿತೋಟ ಮಾರಿ ಅದನ್ನು ಕೊಂಡದ್ದು?

"ಏನೋ ಕಿವಿ, ನಿನ್ನ ಹಕ್ಕಿ ಗೂಡಿಂದ ಎದ್ದೇ ಇಲ್ವಂತೆ? ಕಾವಿಗೆ ಕೂತಿದ್ಯಾ?" ಎಂದು ವೈನೆರ್ ಕಾಫಿ ಯಂತ್ರದ ಹಿಂದಿನಿಂದ ಕೂಗಿದ. ಗಾಜ್ಜಾ ಎಂಬುದು ಹಕ್ಕಿಯ ಹೆಸರಾದ್ದರಿಂದ ಈ ತಮಾಷೆ ಸದ್ಯಕ್ಕೆ ಮುಗಿಯುವಂಥದ್ದಲ್ಲ.

ಎರ್ಮೆಸ್ ಎಂದು ನನ್ನನ್ನು ಕರೆಯುವವಳು ಡೆಲ್ಮಾ ಒಬ್ಬಳೇ. ಊರಿಗೆಲ್ಲ ನಾನು ‘ಕಿವಿ’. ಕಾರ್ಖಾನೆಗಳ ಹೊಸ ಕಾರುಗಳೆಲ್ಲ ಪರೀಕ್ಷೆಗೆಂದು ಬಾರಿನ ಮುಂದಿನ ರಸ್ತೆಯಲ್ಲೇ ಹಾಯುತ್ತವೆ. ಕಣ್ಣು ಮುಚ್ಚಿಕೊಂಡು ಯಾವ ಎಂಜಿನ್ ಎಂದು ಹೇಳುವ ಆಟದಲ್ಲಿ ಚಡ್ಡಿ ಹಾಕುವ ಕಾಲದಿಂದಲೂ ನನ್ನನ್ನು ಯಾರೂ ಸೋಲಿಸಿಲ್ಲ. ಹೊಟ್ಟೆಪಾಡೂ ಕಿವಿಯಿಂದಲೇ. ಚೀಸ್ ಸಂಘದ ಪರವಾಗಿ, ವರ್ಷ ತುಂಬಿದ ಚೀಸಿನ ದುಂಡು ಗಾಲಿಯನ್ನು ಪುಟ್ಟ ಸುತ್ತಿಗೆಯಿಂದ ಬಡಿದು ಒಳಗೆ ಗಟ್ಟಿಯೋ ಬಿರುಕೋ ಹೇಳುವವನು ನಾನು. ಇಂಥವನಿಗೆ ಸದ್ದಿನ ನೆಪ ಹೇಳುತ್ತಾರೆ.

ಮಾರ್ಚ್ 9, ಗುರುವಾರ

ಗಾಡಿ ಓಡಿಸುವವರನ್ನು ಕಾಯುವ ಸಂತ ಫ್ರಾಂಚೆಸ್ಕಾಳ ಹಬ್ಬ. ಊರಿನ ಗಾಡಿಗಳೆಲ್ಲ ಚರ್ಚಿನ ಮುಂದೆ ಸಾಲು ನಿಂತವು, ಪಾದ್ರಿ ಇಲಾರಿಯೊ ತೀರ್ಥ ಎರಚುತ್ತ ಬಂದರು. ಗಾಜ್ಜಾ ಇವತ್ತು ಸಾಲಿನ ಮೊದಲಲ್ಲಿ ನಿಲ್ಲಬೇಕಿತ್ತು. ನಾನು ಡೆಲ್ಮಾಳ ಹಳೇ ಡಬ್ಬಾ ಕಾರಿನಲ್ಲಿ, ಗೊಬ್ಬರದ ಟ್ರ್ಯಾಕ್ಟರ್ ಒಂದರ ಹಿಂದೆ ಕೂತಿದ್ದೆ. ಪಾದ್ರಿಗಳು ಕಿಟಕಿಯ ಬಳಿ ಬಂದು ಏನೋ ಕೇಳಿದರು. ಹೌದು ಹೌದು ಎಂದೆ. ಎಲ್ಲರೂ ನಕ್ಕರು. ಅವರು ಕೇಳಿದ್ದು "ಇದೇನಾ ಆ ಹೊಸ ಕಾರು?" ಎಂದಂತೆ, ಡೆಲ್ಮಾ ಆಮೇಲೆ ಹೇಳಿದಳು. ಈಚೆಗೆ ಪಾದ್ರಿಗಳು ಬಾಯೊಳಗೇ ಗೊಣಗುತ್ತಾರೆ. ವಯಸ್ಸಾಯಿತು, ಪಾಪ.

ಮನೆಗೆ ಬಂದರೆ ಬಾಗಿಲಲ್ಲಿ ಅಂಚೆಯ ಚೀಟಿ: ನಿನ್ನೆ ಬಂದಿದ್ದೆವು, ಯಾರೂ ಇರಲಿಲ್ಲ. ನಿನ್ನೆಯಿಡೀ ಮನೆಯಲ್ಲೇ ಇದ್ದೆನಲ್ಲ! ಕರೆಗಂಟೆ ಕೆಟ್ಟಿರಬೇಕು. ಹೋದ ವರ್ಷ ತಂದದ್ದು, ಆಗಲೇ ಕೆಟ್ಟಿತು. ಈಗಿನ ಯಾವ ಸಾಮಾನೂ ಸರಿಯಿಲ್ಲ.

ಮಾರ್ಚ್ 16, ಗುರುವಾರ

ಬೆಟ್ಟದ ಮೇಲೆ ನೇರಿಯೋನ ಚೀಸ್‌ಮನೆಗೆ ಹೋಗಿದ್ದೆವು, ನಾನು ಮತ್ತು ಜೊತೆಗಾರ ಸೌರೊ. ನೇರಿಯೋ ಡೆಲ್ಮಾಳ ತಮ್ಮ. ಸುತ್ತಲಿನ ರೈತರ ಹಾಲು ತಂದು ಚೀಸ್ ಕಟ್ಟುತ್ತಾನೆ, ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಬಾಮೈದನೆಂದು ನಾನು ಅಲ್ಲಿ ಸಲಿಗೆ ತೋರಿಸುವುದಿಲ್ಲ. ಬೇರೆಯವರಿಗಿಂತ ಒಂದು ಕೈ ಬಿಗಿಯಾಗಿಯೇ ಇರುತ್ತೇನೆ, ನಾಳೆ ಯಾರೂ ಬೆರಳು ತೋರಿಸಬಾರದು.

ಒಂದು ಇಡೀ ಸಾಲು ಮಂಕು. ಒಳ್ಳೆಯ ಗಾಲಿ ಸುತ್ತಿಗೆಗೆ ಕಂಚಿನ ಹಾಗೆ ಉತ್ತರ ಕೊಡಬೇಕು. ಇವು ಕಂಬಳಿ ಹೊದ್ದು ಮಾತಾಡಿದ ಹಾಗಿದ್ದವು. ಈ ವರ್ಷ ಎಲ್ಲ ಕಡೆಯೂ ಹೀಗೇ ಇದೆ, ಹುಲ್ಲಿನ ದೋಷವಿರಬೇಕು. ಸೌರೊ, "ಮೇಷ್ಟ್ರೇ, ನಂಗೇನೋ ಚೆನ್ನಾಗೇ ಇದೆ ಅನ್ಸುತ್ತೆ" ಎಂದ. "ನಿಂಗೆ ಅನ್ಸೋದು ಬೇಡ ಮಾರಾಯ, ಕೇಳೋದನ್ನ ಕಲಿ" ಎಂದೆ. ಕಟ್ಟುವಾಗಲೇ ಗಾಲಿಗಳ ಸಿಪ್ಪೆಯ ಮೇಲೆ ಮೂಡಿಸಿದ ಹೆಸರಿನ ಮುದ್ರೆಯನ್ನೆಲ್ಲ ಕೆರೆಸಿದೆ. ಮುದ್ರೆ ಹೋದ ಗಾಲಿಗೆ ಹೆಸರಿಲ್ಲ, ಸಿಕ್ಕಿದ ಬೆಲೆಗೆ ತುರಿದು ಮಾರಬೇಕು ಅಷ್ಟೆ.

ನೇರಿಯೋ ಜಗಳವಾಡಲಿಲ್ಲ. ಕೆರೆದ ಸಿಪ್ಪೆಯನ್ನು ತಾನೇ ಗುಡಿಸಿದ. ಹೊರಡುವಾಗ ಹತ್ತಿರ ಬಂದು, "ಭಾವ, ಇನ್ನೊಂದು ಸಾಲು ಹೀಗಾದ್ರೆ ರೈತರು ಹಾಲನ್ನ ಬಯಲಿನ ದೊಡ್ಡ ಕಂಪನಿಗೆ ಹಾಕ್ತಾರಂತೆ. ಮೇ ತಿಂಗಳಲ್ಲಿ ವರ್ಷ ತುಂಬೋ ಸಾಲು ನೋಡಿ ತೀರ್ಮಾನ ಮಾಡ್ತಾರೆ" ಎಂದ. "ಹಾಗಾದ್ರೆ ಮೇ ತಿಂಗಳದ್ದನ್ನ ಚೆನ್ನಾಗಿ ನೋಡ್ಕೋ" ಎಂದೆ. ಇನ್ನೇನು ಹೇಳಲಿ?

ರಾತ್ರಿ ಊಟಕ್ಕೆ ಡೆಲ್ಮಾ ನನ್ನೊಡನೆ ಮಾತಾಡಲಿಲ್ಲ. ಅಥವಾ ಆಡಿದ್ದರೂ ಬೆನ್ನು ತಿರುಗಿಸಿ ಆಡಿದಳು.

ಮಾರ್ಚ್ 25, ಶನಿವಾರ

ಬಾರಿನಲ್ಲಿ ಆಟ. ನನ್ನ ಕಣ್ಣಿಗೆ ವೈನೆರ್ ಒರೆಸುವ ಬಟ್ಟೆ ಕಟ್ಟಿದ. ರಸ್ತೆಯಲ್ಲಿ ಹಾದದ್ದೇನು ಎಂದು ಕೇಳಿದರು. "ಒಂದೇ ಕಾರು, ಎಂಟು ಸಿಲಿಂಡರ್" ಎಂದೆ ಧೈರ್ಯವಾಗಿ. ಸರಿಯಾಗಿತ್ತು. ಆದರೆ ಅದರ ಮುಂದೆ ಅಂಚೆಯ ಹುಡುಗಿಯ ಸ್ಕೂಟರ್ ಕಿರುಚಿಕೊಂಡು ಹೋಯಿತಂತೆ.

"ಸ್ಕೂಟರ್ ಬಿಟ್ಯಲ್ಲೋ! ಅದು ಸತ್ತೋರನ್ನೂ ಎಬ್ಬಿಸುತ್ತಲ್ಲೋ!" ಎಂದ ವೈನೆರ್. ಸ್ಕೂಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವ ನಾನಲ್ಲ ಎಂದು ಹೇಳಿ ಎದ್ದು ಬಂದೆ. ಕಿವಿಯ ತುದಿಯವರೆಗೂ ಕೆಂಪಾಗಿದ್ದೆ. ಎಲ್ಲ ಆ ಕಾರ್ಖಾನೆಯವರಿಂದ. ಕಾರು ಸಮಯಕ್ಕೆ ಬಂದಿದ್ದರೆ ಈ ಆಟಕ್ಕೆ ಕೂರುವ ಗತಿ ನನಗೇಕೆ ಬರುತ್ತಿತ್ತು?

ಏಪ್ರಿಲ್ 9, ಈಸ್ಟರ್ ಭಾನುವಾರ

ಇದನ್ನು ಬರೆಯದಿದ್ದರೂ ನಡೆಯುತ್ತದೆ. ಆದರೂ ಬರೆಯುತ್ತೇನೆ.

ಟೋರ್ಟೆಲ್ಲಿನಿ ಸಾರು ಆದ ಮೇಲೆ ಡೆಲ್ಮಾ ತಟ್ಟೆಯಲ್ಲಿ ಚೀಸ್ ತಂದಿಟ್ಟಳು. ಒಂದು ತುಂಡು ತಿಂದೆ, ಇನ್ನೊಂದು ತಿಂದೆ. ಹರಳು ಹರಳಾಗಿ ಹಲ್ಲಿಗೆ ಸಿಗುತ್ತಿತ್ತು. ಬೆಟ್ಟದ ಹುಲ್ಲಿನ ಪರಿಮಳ. "ಯಾರದಿದು? ಇಂಥದು ತಿಂದು ಎಷ್ಟು ಕಾಲ ಆಯ್ತು! ಇದನ್ನ ಮಾಡಿದವನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು" ಎಂದೆ.

"ನೇರಿಯೋನದು. ನೀನು ಕೆರೆಸಿ ಹಾಕಿದ್ದು" ಎಂದಳು.

ಬಾಯಲ್ಲಿದ್ದದ್ದನ್ನು ನುಂಗಿದೆ. ಗಾಲಿಯ ಒಂದು ಪಕ್ಕ ಚೆನ್ನಾಗಿದ್ದು ಇನ್ನೊಂದು ಪಕ್ಕ ಬಿರುಕಿರಬಹುದು ಎಂದೆ. ಡೆಲ್ಮಾ ಅಡುಗೆಮನೆಗೆ ಹೋಗಿ ಉಳಿದರ್ಧ ಗಾಲಿಯನ್ನೇ ಎತ್ತಿ ತಂದು ನನ್ನ ಮುಂದಿಟ್ಟಳು. ಕೊಯ್ದ ಮುಖದಲ್ಲಿ ಒಂದು ಕೂದಲೆಳೆಯಷ್ಟು ಬಿರುಕಿಲ್ಲ. ಎಷ್ಟೋ ಗಾಲಿಗಳಲ್ಲಿ ಒಂದು ತಪ್ಪಬಹುದು. ವೈದ್ಯರೂ ತಪ್ಪುತ್ತಾರೆ.

ಏಪ್ರಿಲ್ 19, ಬುಧವಾರ

ಇನ್ನು ತಡೆಯಲಾರೆನೆಂದು ಕಾರ್ಖಾನೆಗೆ ಫೋನ್ ಮಾಡಿದೆ. ಗುಣಮಟ್ಟದ ವಿಭಾಗದ ಮುಖ್ಯಸ್ಥೆ, ಇಂಜಿನಿಯರ್ ಮಾಲಗೋಲಿ ಎಂಬಾಕೆ, ಸಿಕ್ಕಿದಳು. ಬಾಯಿಗೆ ಬಂದಂತೆ ಅಂದುಬಿಟ್ಟೆ.

"ಯಾರಿಗೂ ಕೇಳದ ಸದ್ದಿಗೆ ಕಾರು ತಡೀತೀರಲ್ಲ, ನಿಮಗೇನು ಬೇರೆ ಕೆಲಸ ಇಲ್ವಾ?"

"ನಮಗೆ ಕೇಳುತ್ತಲ್ಲ ಸಿನ್ಯೋರ್" ಎಂದಳು ಆಕೆ, ಸ್ವಲ್ಪವೂ ಸಿಟ್ಟಿಲ್ಲದೆ. "ಕೇಳಿದ ಮೇಲೆ ಹೇಗೆ ಬಿಡೋದು?"

"ಕೇಳೋದರ ವಿಷಯ ನಂಗೆ ಹೇಳಬೇಡಿ ಇಂಜಿನಿಯರ್. ಮೂವತ್ತು ವರ್ಷದಿಂದ ಚೀಸ್ ಬಡಿದು ಕೇಳ್ತಿದೀನಿ."

ಆಕೆ ನಕ್ಕಳು. "ಹೌದಾ! ಹಾಗಾದ್ರೆ ನಮ್ಮ ಕಷ್ಟ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥ ಆಗುತ್ತೆ? ಟಿಕ್ ಟಿಕ್ ಅಂತ ಒಂದು ಸದ್ದು, ಎಲ್ಲಿಂದ ಬರ್ತಿದೆ ಅಂತ ನಮ್ಮಲ್ಲೇ ವಾದ ನಡೀತಿದೆ. ಬನ್ನಿ, ಒಂದ್ಸಲ ನಿಮ್ಮ ಕಿವಿ ಕೊಡಿ."

ಬೆರ್ಗೊಂಜೋನಿಯವರು ನನ್ನ ಕಿವಿ ಕೇಳಿದ್ದಾರೆ! ನೇರ ಬಾರಿಗೆ ಹೋಗಿ ಹೇಳಿದೆ. ವೈನೆರ್ ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ. ಆ ಸದ್ದು ಎಲ್ಲಿದೆಯೆಂದು ನಾನು ಒಂದೇ ಏಟಿಗೆ ತೋರಿಸಿದರೆ ಕಾರ್ಖಾನೆಯಲ್ಲಿ ನನ್ನ ಹೆಸರು ನಿಲ್ಲುತ್ತದೆ ಎಂದರು ಎಲ್ಲರೂ.

ಏಪ್ರಿಲ್ 27, ಗುರುವಾರ

ಒಳ್ಳೆಯ ಕೋಟು ಹಾಕಿಕೊಂಡು ಹೋಗಿದ್ದೆ. ಸುತ್ತಿಗೆಯನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ, ಯಾಕೆಂದು ಗೊತ್ತಿಲ್ಲ.

ಎರಡು ಗಾಜ್ಜಾಗಳು ನಿಂತಿದ್ದವು, ಕಪ್ಪು ಮೈ, ಬಿಳಿ ಪಕ್ಕ. ಎರಡನೆಯದೇ ನನ್ನದಂತೆ. ಮುಟ್ಟಿದೆ. ಇಂಜಿನಿಯರ್ ಮಾಲಗೋಲಿ ನನಗೆ ಮಗಳಾಗುವ ವಯಸ್ಸಿನವಳು, ಚಿಕ್ಕ ಕೂದಲು, ಕೈಗೆ ಗ್ರೀಸು. ಅವಳ ಜೊತೆ ಇಬ್ಬರು ಕೆಲಸದವರು. "ಇವರೇ ಚೀಸಿನ ಮೇಷ್ಟ್ರು" ಎಂದು ಅವರಿಗೆ ನನ್ನ ಪರಿಚಯ ಹೇಳಿದಳು. ಇಬ್ಬರೂ ಟೋಪಿ ತೆಗೆದರು.

ಮೊದಲನೆಯ ಕಾರಿನಲ್ಲಿ ಕೂರಿಸಿ ಎಂಜಿನ್ ಹಾಕಿದಳು. ನಾನು ಕಣ್ಣು ಮುಚ್ಚಿದೆ. ಎಂಜಿನ್ ಬೆನ್ನಿಗೆ ತಟ್ಟಿತು, ಎದೆಗೆ ತಟ್ಟಿತು. ಅದರ ಮೇಲಿನ ಸಣ್ಣ ಸ್ವರಗಳಿಗೆ ಕಾದೆ. ಬರಲಿಲ್ಲ.

"ಕೇಳ್ತಾ ಇದ್ಯಾ ಮೇಷ್ಟ್ರೇ?"

ಕಣ್ಣು ಬಿಟ್ಟು ನೋಡಿದೆ. ಇಬ್ಬರು ಕೆಲಸದವರೂ ಮುಖ ಕಿವುಚಿಕೊಂಡಿದ್ದರು, ಹಲ್ಲುನೋವು ಬಂದವರ ಹಾಗೆ. ಅಂದರೆ ಅವರಿಗೆ ಕೇಳುತ್ತಿದೆ. "ಇದರಲ್ಲಿ ಅಂಥದ್ದೇನಿಲ್ಲ. ಇನ್ನೊಂದನ್ನ ಹಾಕಿ" ಎಂದೆ.

ನನ್ನ ಕಾರಿಗೆ ಹೋದೆವು. ಈ ಸಲ ತಪ್ಪಬಾರದು ಎಂದುಕೊಂಡೆ. ಅವಳು ಎಂಜಿನ್ ಹಾಕಿ ಕ್ಷಣವಾಗಿತ್ತಷ್ಟೆ. ನಾನು ಬೆರಳೆತ್ತಿದೆ. "ಹಾ! ಕೇಳ್ತು. ಟಿಕ್ ಟಿಕ್ ಟಿಕ್. ಬಲಗಡೆ, ಸೀಟಿನ ಹಿಂದೆ" ಎಂದೆ. ಕೆಲಸದವರಲ್ಲಿ ಒಬ್ಬ ನೆಲ ನೋಡಿದ.

ಇಂಜಿನಿಯರ್ ಎಂಜಿನ್ ಆರಿಸಿದಳು. ಮೆಲ್ಲಗೆ, ಆದರೆ ತುಟಿ ನನ್ನ ಕಡೆ ತಿರುಗಿಸಿ ಹೇಳಿದಳು. "ಇದನ್ನ ನೆನ್ನೆ ಬಿಚ್ಚಿ ರಿಪೇರಿ ಮಾಡಿ ನೋಡಿದ್ವಿ ಸಿನ್ಯೋರ್. ಸದ್ದು ಇದ್ದಿದ್ದು ಆ ಮೊದಲನೇದರಲ್ಲಿ."

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಕೇಳದ್ದನ್ನು ಕೇಳಿತೆಂದೆ. ಎಲ್ಲರಿಗೂ ಕೇಳಿದ್ದನ್ನು ಇಲ್ಲವೆಂದೆ. ಕೋಟು ಬೇರೆ ಹಾಕಿಕೊಂಡು ಹೋಗಿದ್ದೆನಲ್ಲ!

"ಇಲ್ಲಿ ಗದ್ದಲ ಜಾಸ್ತಿ, ಯಾರಿಗಾದ್ರೂ ಕಷ್ಟಾನೇ" ಎಂದಳು ಅವಳು. ಅಲ್ಲಿ ಗದ್ದಲವೇ ಇರಲಿಲ್ಲ. ಅಷ್ಟು ನನಗೂ ಗೊತ್ತಾಗುತ್ತಿತ್ತು. ಅವಳು ಬೈದಿದ್ದರೆ ವಾಸಿಯಿತ್ತು.

ದಾರಿಯಲ್ಲಿ ಹೊಲದ ಪಕ್ಕ ನಿಲ್ಲಿಸಿ ಕೀಲಿಕೈ ಗೊಂಚಲನ್ನು ಕಿವಿಯ ಬಳಿ ಅಲ್ಲಾಡಿಸಿದೆ. ಎಡಗಡೆ ಸ್ವಲ್ಪ. ಬಲಗಡೆ ಏನೂ ಇಲ್ಲ.

ಏಪ್ರಿಲ್ 28, ಶುಕ್ರವಾರ

ಕರೆಗಂಟೆಯ ಕೆಳಗೆ ನಿಂತುಕೊಂಡು ಡೆಲ್ಮಾಳನ್ನು ಹೊರಗೆ ಕಳಿಸಿದೆ. "ಒತ್ತು" ಎಂದು ಕೂಗಿದೆ. ಅವಳು ಒಳಗೆ ಬಂದು "ಒತ್ತಿದೆನಲ್ಲ, ನಾಕು ಸಲ" ಎಂದಳು.

ಮೇ 7, ಭಾನುವಾರ

ಡೆಲ್ಮಾಳಿಗೆ ಕಾರ್ಖಾನೆಯಲ್ಲಿ ಆದದ್ದನ್ನು ಹೇಳಿದೆ. ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

"ನಂಗೆ ಎರಡು ವರ್ಷದಿಂದ ಗೊತ್ತು."

"ಗೊತ್ತಿದ್ದು ಯಾಕೆ ಹೇಳಲಿಲ್ಲ?"

"ಹೇಳಿದೆ ಮಾರಾಯ. ನಿಂಗೆ ಕೇಳಲಿಲ್ಲ."

ಇಬ್ಬರಿಗೂ ನಗು ಬಂತು. ಆಮೇಲೆ ಅವಳು ಅತ್ತಳು. ನೇರಿಯೋನ ಹೆಂಡತಿ ಆಗಲೇ ಪಾತ್ರೆ ಪಡಗ ಕಟ್ಟಿ ಇಡುತ್ತಿದ್ದಾಳಂತೆ, ಮೇ ತಿಂಗಳ ಸಾಲೂ ಹೋದರೆ ಮನೆ ಬಿಡಬೇಕಲ್ಲ ಎಂದು. "ಹೋಗಿ ಹೇಳು ಎರ್ಮೆಸ್. ಸಂಘಕ್ಕೆ ಹೇಳು, ಅವನಿಗೆ ಹೇಳು. ಸುತ್ತಿಗೆ ಕೆಳಗಿಡು" ಎಂದಳು.

ಹೇಳುತ್ತೇನೆ ಎಂದೆ. ಆದರೆ ಸುತ್ತಿಗೆ ಕೆಳಗಿಟ್ಟ ಮೇಲೆ ನಾನು ಯಾರು? ಊರಿನಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ? ಇನ್ನೊಂದು ಉಪಾಯ ಹೊಳೆದಿದೆ. ಮೇ ತಿಂಗಳ ಸಾಲನ್ನು ಪೂರ್ತಿ ಪಾಸು ಮಾಡಿಬಿಡುವುದು. ನೇರಿಯೋಗೆ ಆದ ನಷ್ಟ ಅಲ್ಲಿಗಲ್ಲಿಗೆ ಸರಿಹೋಗುತ್ತದೆ, ನನ್ನ ಮುಖವೂ ಉಳಿಯುತ್ತದೆ. ಅದಾದ ಮೇಲೆ ಬೆನ್ನುನೋವೆಂದು ಹೇಳಿ ಕೆಲಸ ಬಿಡುತ್ತೇನೆ. ಡೆಲ್ಮಾಳಿಗೆ ಇದನ್ನು ಹೇಳಿಲ್ಲ.

ಮೇ 18, ಗುರುವಾರ

ಚೀಸ್‌ಮನೆಯ ಬಾಗಿಲಲ್ಲಿ ಹಾಲಿನ ರೈತರೆಲ್ಲ ಬಂದು ನಿಂತಿದ್ದರು. ನೇರಿಯೋ ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ತೊಟ್ಟಿದ್ದ. ಯಾರೂ ಕುರ್ಚಿ ಕೊಡಲಿಲ್ಲ, ಕಾಫಿ ಕೊಡಲಿಲ್ಲ.

ಬಡಿಯಲು ಶುರುಮಾಡಿದೆ. ಮೇಲೆ, ಪಕ್ಕ, ಕೆಳಗೆ. "ಸರಿ." ಮುಂದಿನದು. "ಸರಿ." ಸೌರೊ ಬಿಸಿ ಕಬ್ಬಿಣದಿಂದ ಪಾಸಾದದ್ದರ ಮುದ್ರೆ ಒತ್ತುತ್ತ ಬಂದ. ರೈತರ ಮುಖ ಅರಳುತ್ತಿತ್ತು. ನನಗೆ ಎಲ್ಲವೂ ಒಂದೇ ಸಮನೆ ಮಂಕಾಗಿ ಕೇಳುತ್ತಿತ್ತು, ನಾನು ಸರಿ ಸರಿ ಎನ್ನುತ್ತ ಹೋದೆ. ಇಷ್ಟೇ ಅಲ್ಲವೇ ಎಂದು ಮನಸ್ಸು ಹಗುರವೂ ಆಯಿತು.

ಸಾಲಿನ ಅರ್ಧದಲ್ಲಿ ಒಂದನ್ನು ಬಡಿದು "ಸರಿ" ಎಂದೆ. ಸೌರೊ ಮುದ್ರೆ ಒತ್ತಲಿಲ್ಲ. ಕಬ್ಬಿಣ ಹಿಡಿದುಕೊಂಡು ನನ್ನ ಮುಖ ನೋಡಿದ. ರೈತರು ಒಬ್ಬರನ್ನೊಬ್ಬರು ನೋಡಿದರು. ಯಾರ ಬಾಯಿಂದಲೂ ಮಾತಿಲ್ಲ. ಆ ಮೌನವೊಂದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು.

ನೇರಿಯೋ ಜನರ ನಡುವಿನಿಂದ ಬಂದ. "ಭಾವ, ಇನ್ನೊಂದ್ಸಲ ಬಡಿ."

ಬಡಿದೆ. "ಸರಿಯಾಗಿದೆ ಕಣೋ."

"ಸರಿಯಾಗಿಲ್ಲ. ಒಳಗೆ ಬಿರುಕಿದೆ. ಬಾಗಿಲಲ್ಲಿ ನಿಂತವರಿಗೂ ಕೇಳ್ತಿದೆ."

ತನ್ನದೇ ಗಾಲಿ. ಸುಮ್ಮನಿದ್ದಿದ್ದರೆ ಮುದ್ರೆ ಬೀಳುತ್ತಿತ್ತು, ಹಣವೂ ಬರುತ್ತಿತ್ತು. ಅವನ ಬದುಕೆಲ್ಲ ಈ ಸಾಲಿನ ಮೇಲೇ ನಿಂತಿತ್ತು. ಆದರೂ ಹೇಳಿದ.

ಸುತ್ತಿಗೆಯನ್ನು ಸೌರೊನ ಕೈಯಲ್ಲಿಟ್ಟೆ. "ಮಾರ್ಚಲ್ಲಿ ಕೆರೆಸಿದ ಗಾಲಿಗಳು ಚೆನ್ನಾಗಿದ್ವು. ಕೆಟ್ಟಿದ್ದು ನನ್ನ ಕಿವಿ" ಎಂದೆ.

"ಯಾವಾಗಿಂದ ಗೊತ್ತು ನಿಂಗೆ?" ಎಂದ ನೇರಿಯೋ.

"ಹೋದ ತಿಂಗಳಿಂದ."

"ಗೊತ್ತಿದ್ದೂ ಇವತ್ತು ಸುತ್ತಿಗೆ ಹಿಡ್ಕೊಂಡು ಬಂದ್ಯಾ?"

ಹೊರಗೆ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಸೌರೊ ಎಲ್ಲವನ್ನೂ ಮೊದಲಿಂದ ಬಡಿದ. ಆ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಒಳ್ಳೆಯವೇ ಎಂದು ರೈತರು ಮಾತಾಡಿಕೊಂಡು ಹೊರಗೆ ಬಂದರು. ಹಾಲು ನೇರಿಯೋಗೇ ಉಳಿಯಿತು. ಅವರು ನನ್ನ ಮುಂದೆಯೇ ಹಾದರು, ಒಬ್ಬರೂ ನನ್ನನ್ನು ಮಾತಾಡಿಸಲಿಲ್ಲ. ನೇರಿಯೋ ಕೊನೆಗೆ ಬಂದ. "ಕೆರೆದದ್ದು ಮತ್ತೆ ಮೂಡಲ್ಲ ಭಾವ" ಎಂದ, ಬಾಗಿಲು ಹಾಕಿಕೊಂಡ.

ಜೂನ್ 1, ಗುರುವಾರ

ಸಂಘಕ್ಕೆ ಬರೆದುಕೊಟ್ಟೆ. ನಾನು ಈ ವರ್ಷ ಕೆರೆಸಿದ್ದು ಬೇರೆ ಯಾರ್ಯಾರದು ಎಂದು ಕೇಳಿದರು, ನೆನಪಿದ್ದಷ್ಟು ಹೇಳಿದೆ. ಒಂದೊಂದು ಹೆಸರು ಹೇಳುವಾಗಲೂ ಅವರ ಮನೆಯಲ್ಲಿ ನಾನು ಉಂಡ ಊಟ ನೆನಪಾಗುತ್ತಿತ್ತು.

ಕಿವಿಯ ಡಾಕ್ಟರು ಯಂತ್ರ ಹಾಕಿಸಿಕೊಳ್ಳಿ ಎಂದಿದ್ದಾರೆ. ಮಾತು ತಿಳಿಯುತ್ತದೆ, ಆದರೆ ಆ ಸಣ್ಣ ಸ್ವರಗಳು ಮೊದಲಿನ ಹಾಗೆ ಬರುವುದಿಲ್ಲವಂತೆ.

ಗಾಜ್ಜಾ ಸಿದ್ಧವಾಗಿದೆಯೆಂದು ಕಾರ್ಖಾನೆಯಿಂದ ಸಂದೇಶ ಬಂದಿದೆ.

ಜೂನ್ 10, ಶನಿವಾರ

ಕಾರು ತಂದೆ. ಬಾರಿನ ಮುಂದೆ ನಿಲ್ಲಿಸದೆ ನೇರ ಬೆಟ್ಟ ಹತ್ತಿದೆ. ಡೆಲ್ಮಾ ಬರುವುದಿಲ್ಲ ಎಂದಳು, ನೀನೊಬ್ಬನೇ ಹೋಗಬೇಕು ಎಂದಳು. ಓಡಿಸುವುದಕ್ಕೆ ಚೆನ್ನಾಗಿದೆ. ತಿರುವುಗಳಲ್ಲಿ ನೆಲ ಬಿಟ್ಟು ಕದಲುವುದಿಲ್ಲ.

ನೇರಿಯೋ ತೊಟ್ಟಿಯಲ್ಲಿ ತೋಳು ತೊಳೆಯುತ್ತಿದ್ದ. ಆ ದಿನದ ಮೇಲೆ ನಾವು ಮಾತಾಡಿರಲಿಲ್ಲ. ಏನು ಹೇಳಲೆಂದು ತಿಳಿಯದೆ "ಹತ್ತು, ಒಂದು ಸುತ್ತು ಹೋಗಿಬರೋಣ" ಎಂದೆ. ಎಂಥ ಮಾತು! ಅವನ ಮನೆಗೆ ಮಣ್ಣು ಹಾಕಿ, ಕಾರಿನಲ್ಲಿ ಸುತ್ತಿಸುತ್ತೇನೆ ಎಂದಂತಾಯಿತು. ಆಡಿದ ಮೇಲೆ ನಾಚಿಕೆಯಾಯಿತು.

ಅವನು ಹತ್ತಲಿಲ್ಲ. ಎಂಜಿನ್ ಆರಿಸಬೇಡ ಎಂದು ಕೈ ಮಾಡಿದ. ಕಾರಿನ ಹಿಂದೆ ಹೋಗಿ, ಬಗ್ಗಿ, ಕಣ್ಣು ಮುಚ್ಚಿಕೊಂಡು ನಿಂತ. ಬಾರಿನಲ್ಲಿ ನಾನು ನಿಲ್ಲುತ್ತಿದ್ದದ್ದು ಹಾಗೆಯೇ. ಆಮೇಲೆ ಕಿಟಕಿಯ ಬಳಿ ಬಂದು, ನನಗೆ ತಿಳಿಯಲೆಂದು ಗಟ್ಟಿಯಾಗಿ ಹೇಳಿದ. "ಟಿಕ್ ಅಂತಿದೆ ಭಾವ. ಹಿಂದೆ, ಎಡಗಡೆ."

ಅಷ್ಟು ಹೇಳಿ ಒಳಗೆ ಹೋದ.

ನಿಜವಾಗಿ ಕೇಳಿತೋ, ನನ್ನನ್ನು ಚುಚ್ಚುವುದಕ್ಕೆ ಹೇಳಿದನೋ? ಚುಚ್ಚಿದರೂ ತಪ್ಪೇನಿಲ್ಲ, ಅವನಿಗೆ ಆ ಹಕ್ಕಿದೆ. ಆದರೆ ತಿಳಿದುಕೊಳ್ಳುವ ದಾರಿಯೇ ನನಗಿಲ್ಲ. ಮಾರ್ಚಿನಲ್ಲಿ ನಾನು ಸುತ್ತಿಗೆ ಹಿಡಿದು ಮಂಕು ಎಂದಾಗ ಅವನೂ ಹೀಗೇ ನಿಂತಿದ್ದನಲ್ಲ. ಅವನಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ತೀರ್ಪು ನನ್ನ ಕಿವಿಯದಾಗಿತ್ತು. ಸಿಪ್ಪೆ ಗುಡಿಸಿದ.

ಅವನು ತನ್ನ ಗಾಲಿಯನ್ನೇ ಕೆಟ್ಟದ್ದು ಎಂದವನು.

ಜೂನ್ 12, ಸೋಮವಾರ

ಬೆಳಿಗ್ಗೆ ಕಾರನ್ನು ಕಾರ್ಖಾನೆಗೆ ತಿರುಗಿಸಿದೆ. ಬಾರಿನ ಮುಂದೆ ವೈನೆರ್ ಅಡ್ಡ ನಿಂತು ನಿಲ್ಲಿಸಿದ. ಗ್ಲಾಸುಗಳನ್ನೆಲ್ಲ ಜೋಡಿಸಿದ್ದ, ಜನ ಸೇರಿದ್ದರು.

"ಬಂತಲ್ಲೋ ಹಕ್ಕಿ! ಈ ಸಲ ನೆನೆಸೋದು ನಮ್ಮ ಖರ್ಚು. ಎಲ್ಲಿಗೆ ಹೊರಟೆ?"

"ವಾಪಸ್ ಕೊಡೋಕೆ. ಸದ್ದಿದೆಯಂತೆ."

"ಇದೆಯಂತೆ ಅಂದ್ರೆ? ನಿಂಗೆ ಕೇಳ್ತಿಲ್ವಾ?"

"ಇಲ್ಲ ಕಣೋ, ನಂಗೆ ಕೇಳಲ್ಲ" ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹೋಗುವುದು ಸುಲಭವಾಗುತ್ತಿತ್ತು. ವೈನೆರ್ ದಾರಿ ಬಿಟ್ಟ.

ಇಂಜಿನಿಯರ್ ಮಾಲಗೋಲಿ ತಾನೇ ಹಿಂದೆ ಬಗ್ಗಿ ಕೇಳಿದಳು, ಆ ಇಬ್ಬರು ಕೆಲಸದವರೂ ಕೇಳಿದರು. ಮೂವರೂ ಇಲ್ಲವೆಂದು ತಲೆ ಆಡಿಸಿದರು.

"ಏನೂ ಇಲ್ಲ ಸಿನ್ಯೋರ್. ನಿಮಗೆ ಕೇಳಿಸ್ತಾ?"

ಹೋದ ಸಲ ನಾನು ಬೆರಳೆತ್ತಿದ್ದು ಇದೇ ಜಾಗದಲ್ಲಿ. "ಇಲ್ಲ ಇಂಜಿನಿಯರ್. ನಂಗೆ ಈ ಸದ್ದು ಯಾವತ್ತೂ ಕೇಳಿಸಿಲ್ಲ" ಎಂದೆ.

"ಮತ್ತೆ ಯಾರಿಗೆ ಕೇಳಿಸ್ತು?"

"ನನ್ನ ಬಾಮೈದನಿಗೆ. ಬೆಟ್ಟದ ಮೇಲೆ ಚೀಸ್ ಮಾಡ್ತಾನೆ. ಹಿಂದೆ, ಎಡಗಡೆ ಅಂದ. ಅವನು ಹೇಳಿದ್ರೆ ಇರುತ್ತೆ. ಬಿಚ್ಚಿ ನೋಡಿ."

ಅವಳು ನನ್ನ ಮುಖವನ್ನೇ ನೋಡಿದಳು. ಹೆಸರು ಕೇಳಿದಳು, ನೇರಿಯೋ ಎಂದೆ. ಬರೆದುಕೊಂಡಳು. ಎಲ್ಲ ಬಿಚ್ಚಬೇಕು, ಎಷ್ಟು ದಿನವಾಗುತ್ತದೋ ಹೇಳಲಾಗದು ಎಂದಳು. ಆಗಲಿ, ಇಟ್ಟುಕೊಳ್ಳಿ ಎಂದು ಕೀಲಿಕೈ ಕೊಟ್ಟು ಬಸ್ಸಿನಲ್ಲಿ ಮನೆಗೆ ಬಂದೆ.